ಉಜ್ಜುವ ಕೈ, ಹೊಳೆಯುವ ಮೈ

ಕಾರಿನ ಬಣ್ಣವನ್ನು ಯಂತ್ರದಿಂದ ಉಜ್ಜಿ ಹೊಳಪು ಬರಿಸುವ ಕೆಲಸವನ್ನು ಹೊಸದಾಗಿ ಕಲಿಯುವವರಿಗೆ ಮೊದಲ ತೊಡಕಾಗಿ ನಿಲ್ಲುವುದು ಒಂದು ಕ್ರಿಯಾಪದ. ಪಾಲಿಶ್ ‘ಹಾಕುವುದು’ ಎಂದು ಎಲ್ಲರೂ ಹೇಳುವುದರಿಂದ, ಹೊಳಪು ಎಂಬುದು ಡಬ್ಬಿಯಿಂದ ಬಂದು ಮೇಲೆ ಕೂರುವ ವಸ್ತು ಎಂಬ ಭಾವನೆ ಬೆಳೆಯುತ್ತದೆ. ನಡೆಯುವುದಾದರೋ ಅದಕ್ಕೆ ತೀರ ವಿರುದ್ಧವಾದ ಕ್ರಿಯೆ. ಇಂದಿನ ಕಾರುಗಳ ತಗಡಿನ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಕ್ಲಿಯರ್ ಕೋಟ್ ಎಂಬ ಬಣ್ಣವಿಲ್ಲದ ಪಾರದರ್ಶಕ ಪದರ ಇರುತ್ತವೆ. ಈ ಮೇಲಿನ ಪದರದ ದಪ್ಪ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್, ಎಂದರೆ ಒಂದು ಮಿಲಿಮೀಟರಿನ ಇಪ್ಪತ್ತನೆಯ ಒಂದು ಪಾಲಿನಷ್ಟೇ. ಕಣ್ಣಿಗೆ ಕಾಣುವ ಗೀರುಗಳು ಬಹುಪಾಲು ಈ ಪದರದಲ್ಲಿ ಬಿದ್ದ ತಗ್ಗುಗಳು. ತಗ್ಗನ್ನು ಕಿತ್ತು ತೆಗೆಯಲು ಬಾರದು. ಆದ್ದರಿಂದ ಪ್ಯಾಡಿಗೆ ಹಚ್ಚಿದ ಕಾಂಪೌಂಡಿನಲ್ಲಿರುವ ನುಣ್ಣನೆಯ ಕಣಗಳು ಸುತ್ತಲಿನ ಒಳ್ಳೆಯ ಮೈಯನ್ನೇ ಸವೆಸಿ ಗೀರಿನ ತಳದ ಮಟ್ಟಕ್ಕೆ ಇಳಿಸುತ್ತವೆ. ದೋಷ ಹೋಯಿತೆಂದರೆ ದೋಷವಿಲ್ಲದ ಭಾಗವೂ ಅಷ್ಟು ಹೋಯಿತೆಂದೇ ಅರ್ಥ.

ಈ ಸಣ್ಣ ಕೆಲಸವು ವೇದಾಂತದ ಒಂದು ಹಳೆಯ ಪ್ರಶ್ನೆಯನ್ನು ಮುಟ್ಟುತ್ತದೆ. ಬ್ರಹ್ಮಸೂತ್ರದ ನಾಲ್ಕನೆಯ ಸೂತ್ರದ ಭಾಷ್ಯದಲ್ಲಿ ಶಂಕರಾಚಾರ್ಯರು, ಕರ್ಮದಿಂದ ಸಿಗುವ ಫಲಗಳು ನಾಲ್ಕೇ ಬಗೆ ಎಂದು ವಿಂಗಡಿಸುತ್ತಾರೆ: ಹೊಸದಾಗಿ ಹುಟ್ಟಿಸುವ ಉತ್ಪಾದ್ಯ, ಇದ್ದುದನ್ನು ಮಾರ್ಪಡಿಸುವ ವಿಕಾರ್ಯ, ದೂರದಲ್ಲಿರುವುದನ್ನು ತಲುಪುವ ಆಪ್ಯ, ಇರುವುದನ್ನೇ ಶುದ್ಧಿಗೊಳಿಸುವ ಸಂಸ್ಕಾರ್ಯ. ಸಂಸ್ಕಾರಕ್ಕೂ ಎರಡು ದಾರಿಗಳಿವೆ. ಇಲ್ಲದ ಗುಣವನ್ನು ಸೇರಿಸುವುದು ಗುಣಾಧಾನ. ಇರುವ ಕೊಳೆಯನ್ನು ಕಳೆಯುವುದು ದೋಷಾಪನಯನ. ಕಾರು ತೊಳೆಯುವ ಯಾವ ಶೆಡ್ಡಿನಲ್ಲಿ ನೋಡಿದರೂ ಈ ಭೇದ ಕಾಣುತ್ತದೆ: ವ್ಯಾಕ್ಸ್ ಹಚ್ಚುವುದು ಗುಣಾಧಾನ, ಕಾಂಪೌಂಡಿನಿಂದ ಉಜ್ಜುವುದು ದೋಷಾಪನಯನ. ಅದೇ ಭಾಷ್ಯದಲ್ಲಿ ಶಂಕರರು ಪೂರ್ವಪಕ್ಷವೊಂದನ್ನು, ಎಂದರೆ ಎದುರಾಳಿಯ ಆಕ್ಷೇಪವನ್ನು, ಎತ್ತಿಕೊಳ್ಳುತ್ತಾರೆ. ಉಜ್ಜಿದಾಗ ಕನ್ನಡಿಯಲ್ಲಿ ಅದರದೇ ಹೊಳಪು ಪ್ರಕಟವಾಗುವಂತೆ, ಮೋಕ್ಷವೂ ಆತ್ಮದ ಸ್ವಂತ ಧರ್ಮವಾಗಿದ್ದು ಕರ್ಮದಿಂದ ಪ್ರಕಟವಾಗಬಾರದೇಕೆ ಎಂಬುದು ಆ ಆಕ್ಷೇಪ.

ಇಲ್ಲಿ ಕನ್ನಡಿ ಎಂದರೆ ಗಾಜಿನದಲ್ಲ, ಲೋಹದ್ದು ಎಂಬುದನ್ನು ಮರೆಯಬಾರದು. ತಾಮ್ರ ಮತ್ತು ತವರ ಬೆರೆಸಿ ಎರಕ ಹೊಯ್ದು, ದಿನಗಟ್ಟಲೆ ಕೈಯಿಂದ ಉಜ್ಜಿ ಮಾಡುವ ಆರನ್ಮುಳ ಕನ್ನಡಿ ಕೇರಳದಲ್ಲಿ ಇಂದಿಗೂ ತಯಾರಾಗುತ್ತದೆ. ಅದನ್ನು ಕಂಡವರಿಗೆ ಆಕ್ಷೇಪದ ಬಲ ಥಟ್ಟನೆ ತಿಳಿಯುತ್ತದೆ. ಶಂಕರರ ಉತ್ತರವಾದರೂ ಅಷ್ಟೇ ನೇರವಾದುದು. ಯಾವ ಕ್ರಿಯೆಯೂ ತಾನು ನಡೆಯುವ ಆಶ್ರಯವನ್ನು, ಅಂದರೆ ನೆಲೆಯನ್ನು, ಬದಲಿಸದೆ ನಡೆಯಲಾರದು. ಆತ್ಮದಲ್ಲಿ ಕ್ರಿಯೆ ನಡೆಯಿತೆಂದರೆ ಆತ್ಮ ಮಾರ್ಪಾಡಾಗಿ ಅನಿತ್ಯವಾಗುತ್ತದೆ, ಬೇರೆಡೆ ನಡೆದ ಕ್ರಿಯೆ ಆತ್ಮವನ್ನು ಶುದ್ಧಿಗೊಳಿಸಲಾರದು. ಗ್ರಂಥದಲ್ಲಿ ಒಣ ತರ್ಕದಂತೆ ತೋರುವ ಈ ಮಾತು, ಬಾನೆಟ್ಟಿನ ಅಂಚಿನಲ್ಲಿ ಪ್ಯಾಡ್ ಸ್ವಲ್ಪ ಹೆಚ್ಚು ಹೊತ್ತು ನಿಂತು ಕ್ಲಿಯರ್ ಕೋಟ್ ತೂತಾಗಿ ಬಣ್ಣ ಬಿಳಿಚಿಕೊಂಡಾಗ ಕಣ್ಣಿಗೇ ಕಾಣುತ್ತದೆ. ಉಜ್ಜಿ ಶುದ್ಧವಾಗುವ ವಸ್ತು ಉಜ್ಜಿ ಮುಗಿಯುವ ವಸ್ತುವೂ ಹೌದು.

ಈ ವಾದ ನಮ್ಮ ಕಾಸರಗೋಡಿನ ನೆಲಕ್ಕೆ ಹೊರಗಿನದಲ್ಲ. ಶಂಕರರ ಶಿಷ್ಯರಾದ ತೋಟಕಾಚಾರ್ಯರ ಪರಂಪರೆಯ ಎಡನೀರು ಮಠ ಇಲ್ಲಿಯೇ ಇದೆ. ಇನ್ನೊಂದೆಡೆ, 13ನೆಯ ಶತಮಾನದಲ್ಲಿ ಕುಂಬಳೆಯ ಅರಸ ಜಯಸಿಂಹನ ಕಾಲಕ್ಕೆ, ಇದೇ ಸೀಮೆಯ ಅದ್ವೈತಿ ವಿದ್ವಾಂಸರಾಗಿದ್ದ ತ್ರಿವಿಕ್ರಮ ಪಂಡಿತಾಚಾರ್ಯರು ಮಧ್ವಾಚಾರ್ಯರೊಡನೆ ದೀರ್ಘ ವಾದ ನಡೆಸಿ, ಕೊನೆಗೆ ಅವರ ಶಿಷ್ಯರಾಗಿ, ಮಧ್ವರ ಬ್ರಹ್ಮಸೂತ್ರಭಾಷ್ಯಕ್ಕೆ ‘ತತ್ತ್ವಪ್ರದೀಪ’ ಎಂಬ ಟೀಕೆ ಬರೆದರು. ಮಧ್ವರ ದ್ವೈತದ ಪ್ರಕಾರ ಬಂಧ ಸತ್ಯ, ಜೀವವನ್ನು ಮುಚ್ಚಿದ ಆವರಣವೂ ಸತ್ಯ. ಜೀವದ ಸ್ವರೂಪಾನಂದ ಪ್ರಕಟವಾಗಬೇಕಾದರೆ ಸಾಧನೆಯ ಜೊತೆಗೆ ಹರಿಯ ಪ್ರಸಾದ ಬೇಕು. ಆವರಣ ಸತ್ಯವಾದ ಮೇಲೆ ಅದು, ಅದ್ವೈತಿಗಳು ಹೇಳುವಂತೆ, ತಿಳಿದ ಮಾತ್ರಕ್ಕೆ ಹೋಗದು. ಗೀರನ್ನು ನೋಡುತ್ತ ಕುಳಿತರೆ ಗೀರು ಅಳಿಯುವುದಿಲ್ಲ ಎಂಬ ಅನುಭವ ಈ ಪಕ್ಷದ ಕಡೆಗೇ ವಾಲುತ್ತದೆ ಎಂಬುದನ್ನು ಪ್ರಾಮಾಣಿಕವಾಗಿ ಒಪ್ಪಬೇಕು.

ಆದರೆ ಅದೇ ಬಾನೆಟ್ಟಿನಲ್ಲಿ ಇನ್ನೊಂದು ಬಗೆಯ ದೋಷವೂ ಕಾಣುತ್ತದೆ. ಮುರಕಲ್ಲಿನ ಕೆಂಪು ದೂಳು ಕುಳಿತ ಕಾರನ್ನು ಒಣಬಟ್ಟೆಯಿಂದ ಒರೆಸಿ ಒರೆಸಿ, ಕೆಲವು ತಿಂಗಳ ಬಳಿಕ ಬಿಸಿಲಲ್ಲಿ ನಿಲ್ಲಿಸಿದರೆ, ಸೂರ್ಯನ ಪ್ರತಿಬಿಂಬದ ಸುತ್ತ ಜೇಡರ ಬಲೆಯಂಥ ವೃತ್ತಗಳು ಮಿನುಗುತ್ತವೆ. ಕಲಿಯುವವನು ಆ ವೃತ್ತದ ನಡುವಿಗೆ ಯಂತ್ರ ಹಿಡಿಯಲು ಬಗ್ಗಿದರೆ ವೃತ್ತವೂ ಅವನೊಡನೆ ಸರಿಯುತ್ತದೆ. ನಿಜದಲ್ಲಿ ಅಲ್ಲಿ ವೃತ್ತಾಕಾರದ ಗೀರುಗಳೇ ಇಲ್ಲದಿರಬಹುದು. ಅಡ್ಡಾದಿಡ್ಡಿಯಾಗಿ ಬಿದ್ದ ಸಾವಿರಾರು ನೇರ ಗೀರುಗಳಲ್ಲಿ ಬೆಳಕಿಗೆ ಅಡ್ಡಲಾಗಿರುವವು ಮಾತ್ರ ಹೊಳೆದು, ಬೆಳಕಿನ ಸುತ್ತ ಬಳೆ ತೊಡಿಸಿದಂತೆ ತೋರುತ್ತವೆ. ಒಂದರ ಮೇಲೆ ಇನ್ನೊಂದರ ಧರ್ಮವನ್ನು ತಿಳಿಯದೆ ಹೊರಿಸುವುದನ್ನು ಅದ್ವೈತಿಗಳು ಅಧ್ಯಾಸ ಎನ್ನುತ್ತಾರೆ. ಗೀರು ಸತ್ಯ, ವೃತ್ತ ಅಧ್ಯಾಸ. ಮೊದಲನೆಯದಕ್ಕೆ ಕೆಲಸ ಬೇಕು, ಎರಡನೆಯದಕ್ಕೆ ತಿಳಿವು ಸಾಕು. ಹಾಗೆ ನೋಡಿದರೆ ಶಂಕರರೂ ಕರ್ಮವನ್ನು ಹೊರಗೆ ಹಾಕಿದವರಲ್ಲ: ಚಿತ್ತಶುದ್ಧಿಗೆ, ಎಂದರೆ ಮನಸ್ಸನ್ನು ತಿಳಿವಿಗೆ ಅಣಿಗೊಳಿಸಲು, ಅದು ಬೇಕೆಂದೇ ಅವರ ಮತ. ಸವೆಯಬಲ್ಲ ಮನಸ್ಸಿಗೆ ಸಂಸ್ಕಾರವನ್ನು ಒಪ್ಪಿ, ಸವೆಯದ ಆತ್ಮಕ್ಕೆ ಅದನ್ನು ನಿರಾಕರಿಸಿದ ಈ ಗೆರೆಯೇ, ಎರಡೂ ಪಕ್ಷಗಳನ್ನು ತೂಗಿದಾಗ, ಸಾಧಕನಿಗೆ ಹೆಚ್ಚು ಒದಗುವಂಥದ್ದು.

ಮಣ್ಣು ಮೆತ್ತಿದ ಬಿಂಬ, ಎಂದರೆ ಹೊಳೆಯುವ ಲೋಹದ ತಟ್ಟೆ, ತೊಳೆದಾಗ ಬೆಳಗುವಂತೆ ಆತ್ಮತತ್ತ್ವವನ್ನು ಕಂಡವನು ಕೃತಾರ್ಥನಾಗುತ್ತಾನೆ ಎಂಬ, ಶ್ವೇತಾಶ್ವತರೋಪನಿಷತ್ತಿನ ಎರಡನೆಯ ಅಧ್ಯಾಯದ ದೃಷ್ಟಾಂತ ಇಲ್ಲಿ ಗಮನಾರ್ಹ. ಅಲ್ಲಿ ಬಿಂಬಕ್ಕೆ ಅಂಟಿರುವುದು ಮಣ್ಣು, ಗೀರಲ್ಲ. ಆದ್ದರಿಂದ ಅದನ್ನು ಉಜ್ಜಿ ಸವೆಸುವುದಿಲ್ಲ, ತೊಳೆಯುತ್ತಾರೆ. ಯಂತ್ರದ ಕೆಲಸದಲ್ಲಿಯೂ ಮೊದಲ ಪಾಠ ಇದೇ: ಚೆನ್ನಾಗಿ ತೊಳೆಯದೆ ಯಂತ್ರ ಇಟ್ಟರೆ ದೂಳೇ ಮರಳುಕಾಗದವಾಗಿ ಹೊಸ ಗೀರು ಎಳೆಯುತ್ತದೆ. ಅನಂತರ ಒಂದು ಮೂಲೆಯಲ್ಲಿ, ಎಲ್ಲಕ್ಕಿಂತ ಮೃದುವಾದ ಪ್ಯಾಡ್ ಮತ್ತು ನಯವಾದ ಪಾಲಿಶಿನಿಂದ ಪರೀಕ್ಷೆ ಮಾಡಿ, ಸಾಲದಿದ್ದರೆ ಮಾತ್ರ ಒರಟಾದುದಕ್ಕೆ ಹೋಗಬೇಕು. ತಿರುಗುತ್ತಲೇ ಓಲಾಡುವ ಡ್ಯುಯಲ್ ಆ್ಯಕ್ಷನ್ ಯಂತ್ರ ಹೊಸಬರಿಗೆ ಕ್ಷೇಮಕರ, ಏಕೆಂದರೆ ಅದು ಒಂದೇ ಕಡೆ ಬಿಸಿ ಕಟ್ಟಲು ಬಿಡುವುದಿಲ್ಲ. ಅದರ ಪ್ಯಾಡಿನ ಹಿಂದಿನ ತಟ್ಟೆಗೆ ಮಾರ್ಕರಿನಿಂದ ಕಪ್ಪು ಗೆರೆ ಎಳೆದುಕೊಂಡರೆ, ಆತುರದಿಂದ ಒತ್ತಿದ ಕ್ಷಣವೇ ಗೆರೆ ತಿರುಗುವುದು ನಿಂತು, ಯಂತ್ರ ಬರೀ ಗುಂಯ್‌ಗುಟ್ಟುತ್ತ ಕೆಲಸ ಮಾಡದಿರುವುದು ಕಾಣುತ್ತದೆ. ಕೈ ಸಡಿಲಿಸಿದೊಡನೆ ಗೆರೆ ಮತ್ತೆ ತಿರುಗುತ್ತದೆ. ಮುಗಿದ ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್ ಬೆರೆಸಿದ ನೀರಿನಿಂದ ಒರೆಸಬೇಕು, ಏಕೆಂದರೆ ಪಾಲಿಶಿನ ಎಣ್ಣೆ ಗೀರಿನಲ್ಲಿ ತುಂಬಿ, ಇರುವ ದೋಷವನ್ನು ಇಲ್ಲವೆಂದು ತೋರಿಸುತ್ತದೆ.

ಉಜ್ಜಲೇಬಾರದ ಮೈಗಳೂ ಇವೆ. ಕುಂಬಳೆಯ ಸಮೀಪದ ಅನಂತಪುರ ಸರೋವರ ಕ್ಷೇತ್ರದ ಮೂಲ ಮೂರ್ತಿಗಳು ಕಲ್ಲಿನವೂ ಆಗಿರಲಿಲ್ಲ, ಲೋಹದವೂ ಆಗಿರಲಿಲ್ಲ. ಅನೇಕ ದ್ರವ್ಯಗಳನ್ನು ಅರೆದು ಕೂಡಿಸಿದ ಕಡುಶರ್ಕರ ಪಾಕದವಾಗಿದ್ದವು. ಅಂಥ ಮೂರ್ತಿಗೆ ನೀರಿನ ಅಭಿಷೇಕ ಸಲ್ಲದು, ತಿಕ್ಕಿ ತೊಳೆಯುವ ಸೇವೆಯೂ ಸಲ್ಲದು. ಅಂಥಲ್ಲಿ ಭಕ್ತಿ ಕೈಯನ್ನು ಹಿಂದಕ್ಕೆ ಹಿಡಿದು ನಿಲ್ಲಬೇಕು. ಹಾಗೆಯೇ, ಕಾರಿನ ಬಾಗಿಲಿನ ಮೇಲಿನ ಗೀರಿಗೆ ಬೆರಳಿನ ಉಗುರು ಅಡ್ಡ ಎಳೆದಾಗ ಉಗುರು ತಡೆದು ನಿಂತರೆ, ಆ ಗೀರು ಪಾಲಿಶಿನಿಂದ ಹೋಗುವ ಆಳದ್ದಲ್ಲ ಎಂದು ಪಳಗಿದ ಕೆಲಸಗಾರರು ತಿಳಿಯುತ್ತಾರೆ. ಅದರ ಅಂಚುಗಳನ್ನಷ್ಟೇ ನಯಗೊಳಿಸಿ, ಗೀರನ್ನು ಅಲ್ಲಿಯೇ ಬಿಟ್ಟು, ಪ್ಯಾಡನ್ನು ಮೇಲಕ್ಕೆತ್ತುತ್ತಾರೆ.