ತೊಟ್ಟಿಲು ಬಿಟ್ಟ ಮಗುವಿಗೆ ಎಂಥ ಹಾಸಿಗೆ?



ಕೆಲವು ದಿನಗಳ ಹಿಂದೆ ಓರ್ವ ಸಹೋದರಿ ನನ್ನಲ್ಲಿ ಹೀಗೆ ಕೇಳಿದರು: “ನನ್ನ ಮಗನಿಗೆ ಎರಡೂವರೆ ವರ್ಷ. ತೊಟ್ಟಿಲಿನ ಕಂಬಿಗೆ ಕಾಲು ಹಾಕಿ ಹೊರಗೆ ಇಳಿಯಲು ನೋಡುತ್ತಾನೆ. ಇನ್ನು ಎರಡು ತಿಂಗಳಲ್ಲಿ ನನಗೆ ಹೆರಿಗೆ. ಅವನಿಗೆ ಬೇರೆ ಹಾಸಿಗೆ ಮಾಡಬೇಕು. ಒಳ್ಳೆಯ ಮಂಚವನ್ನೇ ಕೊಳ್ಳೋಣ ಎನ್ನುತ್ತಾರೆ ನಮ್ಮ ಮನೆಯವರು. ನೆಲದಲ್ಲಿ ಹಾಸಿದರೆ ಸಾಕು ಎನ್ನುತ್ತಾರೆ ಅತ್ತೆ. ಈಗಿಂದಲೇ ಬೇರೆ ಕೋಣೆಯಲ್ಲಿ ಮಲಗಿಸಿ ಅಭ್ಯಾಸ ಮಾಡಿಸಬೇಕು ಎನ್ನುತ್ತಾರೆ ನೆರೆಮನೆಯವರು. ನಾನು ಯಾರ ಮಾತು ಕೇಳಲಿ?”

ಇಷ್ಟು ಸಣ್ಣ ವಿಷಯಕ್ಕೂ ಧರ್ಮದ ಮಾತೇಕೆ ಎಂದು ಕೆಲವರಿಗೆ ಅನಿಸಬಹುದು. ಆದರೆ ನಿದ್ರೆಯನ್ನು ಪವಿತ್ರ ಕುರ್‌ಆನ್ ಅಲ್ಲಾಹನ ನಿದರ್ಶನಗಳಲ್ಲೊಂದಾಗಿ ಎಣಿಸಿದೆ. ಎರಡು ವರ್ಷದ ಮಗು ಹಗಲಿನ ನಿದ್ರೆಯೂ ಸೇರಿ ದಿನಕ್ಕೆ 11ರಿಂದ 14 ಗಂಟೆ ಮಲಗಬೇಕು. ಅಂದರೆ ಅದರ ಜೀವನದ ಅರ್ಧಭಾಗ ಹಾಸಿಗೆಯಲ್ಲೇ ಕಳೆಯುತ್ತದೆ. ಮಕ್ಕಳು ನಮ್ಮ ಬಳಿ ಇರುವ ಅಮಾನತು ಎನ್ನುತ್ತೇವೆ. ಹಾಗಾದರೆ ಆ ಅಮಾನತನ್ನು ಅರ್ಧ ದಿನ ಎಲ್ಲಿ ಇಟ್ಟಿದ್ದೇವೆ ಎಂಬುದು ಸಣ್ಣ ಪ್ರಶ್ನೆಯೇ?

ಮಗುವಿನ ಮೊಲೆಹಾಲು ಬಿಡಿಸುವ ವಿಷಯದಲ್ಲಿ ಕುರ್‌ಆನ್ ನೀಡಿರುವ ಮಾರ್ಗದರ್ಶನವನ್ನು ನೋಡಿರಿ. ಅಲ್‌ಬಕರಃ ಅಧ್ಯಾಯದ 233ನೆಯ ಸೂಕ್ತವು ಪೂರ್ಣ ಎರಡು ವರ್ಷಗಳ ಅವಧಿಯನ್ನು ಹೇಳಿ, ಅದಕ್ಕೆ ಮುಂಚೆ ಹಾಲು ಬಿಡಿಸುವುದಾದರೆ ತಂದೆ ತಾಯಿ ಇಬ್ಬರೂ ಪರಸ್ಪರ ಒಪ್ಪಿ, ಸಮಾಲೋಚಿಸಿ ಮಾಡಬೇಕೆಂದು ಕಲಿಸುತ್ತದೆ. ಒಬ್ಬರ ಹಟದಿಂದ ನಡೆಯುವ ಕೆಲಸ ಅದಲ್ಲ. ತೊಟ್ಟಿಲು ಬಿಡಿಸುವುದೂ ಅಂಥದೇ ಒಂದು ಅಗಲಿಕೆ. ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಗಂಡ ಹೆಂಡತಿ ಕುಳಿತು ಮಾತನಾಡಬೇಕು. ಮನೆಯ ಹಿರಿಯರನ್ನೂ ಕೇಳಬೇಕು. ಹಾಲು ಬಿಡಿಸುವುದು, ತೊಟ್ಟಿಲು ಬಿಡಿಸುವುದು ಎರಡನ್ನೂ ಒಂದೇ ವಾರದಲ್ಲಿ ಮಾಡದಿರುವುದು ಒಳ್ಳೆಯದು. ಒಂದು ಅಗಲಿಕೆಯನ್ನು ಮಗು ಜೀರ್ಣಿಸಿಕೊಳ್ಳಲಿ, ಆಮೇಲೆ ಇನ್ನೊಂದು.

ಯಾವಾಗ ಬಿಡಿಸಬೇಕು? ತೂಗುವ ತೊಟ್ಟಿಲಾದರೆ ಮಗು ಹಿಡಿದುಕೊಂಡು ಎದ್ದು ಕುಳಿತುಕೊಳ್ಳಲು ಆರಂಭಿಸಿದಾಗಲೇ ಅದರ ಕಾಲ ಮುಗಿಯಿತು. ಮಲಗಿದ ಮಗುವಿನ ಭಾರ ತಳದಲ್ಲಿರುತ್ತದೆ. ಎದ್ದು ನಿಂತರೆ ಭಾರವೆಲ್ಲ ಮೇಲಕ್ಕೆ ಬಂದು ತೊಟ್ಟಿಲು ಮಗುಚುತ್ತದೆ. ನೆಲದ ಮೇಲೆ ನಿಲ್ಲುವ, ಸುತ್ತ ಕಂಬಿಯಿರುವ ತೊಟ್ಟಿಲಾದರೆ ಇನ್ನೂ ಸ್ವಲ್ಪ ಕಾಲ ನಡೆಯುತ್ತದೆ. ಮಗುವಿನ ಎತ್ತರ ಸುಮಾರು 90 ಸೆಂಟಿಮೀಟರ್ ಆದಾಗ, ನಿಂತರೆ ಕಂಬಿಯ ಮೇಲಂಚು ಎದೆಗೆ ಬಂದಾಗ ಅಥವಾ ಕಂಬಿ ಹತ್ತಲು ಒಮ್ಮೆ ಯತ್ನಿಸಿದಾಗ ತಡಮಾಡಬಾರದು. ಅಲ್ಲಿಂದ ಬೀಳುವ ಮಗು ಹೆಚ್ಚಾಗಿ ತಲೆಯಡಿಯಾಗಿಯೇ ಬೀಳುತ್ತದೆ. ಒಂದೂವರೆ ವರ್ಷದಿಂದ ಮೂರು ವರ್ಷದೊಳಗೆ ಹೆಚ್ಚಿನ ಮಕ್ಕಳಿಗೆ ಈ ಸಮಯ ಬರುತ್ತದೆ.

ಆ ಸಹೋದರಿಯ ಪ್ರಶ್ನೆ ಕೇಳಿದಾಗ ನನ್ನಿಂದಲೇ ಆದ ಒಂದು ತಪ್ಪು ನೆನಪಾಯಿತು. ನಮಗೆ ಎರಡನೆಯ ಮಗು ಹುಟ್ಟಿದಾಗ ಹಿರಿಯವಳಿಗೆ ಮೂರು ವರ್ಷವೂ ತುಂಬಿರಲಿಲ್ಲ. ಆಸ್ಪತ್ರೆಯಿಂದ ಬಂದ ದಿನವೇ ಅವಳ ತೊಟ್ಟಿಲನ್ನು ತೊಳೆದು ಒರೆಸಿ ತಮ್ಮನಿಗೆ ಕೊಟ್ಟೆವು. ಅವಳಿಗೆ ಪಕ್ಕದ ಕೋಣೆಯಲ್ಲಿ ಹೊಸ ಹಾಸಿಗೆ ಹಾಸಿದೆವು. ರಾತ್ರಿ ಮೂರು ಸಲ ಎದ್ದು ಬಂದಳು. ಮೂರನೆಯ ಸಲ ನಾನು ಗದರಿದೆ: “ನೀನೀಗ ದೊಡ್ಡವಳು, ಹೋಗಿ ನಿನ್ನ ಹಾಸಿಗೆಯಲ್ಲಿ ಮಲಗು.” ಅವಳು ಅಳಲಿಲ್ಲ, ಹೊರಟುಹೋದಳು. ಬೆಳಗಿನ ನಮಾಝ್‌ಗೆ ಎದ್ದು ಬಾಗಿಲು ತೆರೆದಾಗ ಹೊಸ್ತಿಲಿನ ಆಚೆ, ಬರಿಯ ನೆಲದ ಮೇಲೆ, ದಿಂಬನ್ನು ಬಾಗಿಲಿಗೆ ಒತ್ತಿಕೊಂಡು ಅವಳು ಮಲಗಿದ್ದಳು. ಆ ದಿನ ನಮಾಝ್‌ನಲ್ಲಿ ನನ್ನ ಮನಸ್ಸು ನಿಲ್ಲಲಿಲ್ಲ. ನಾವು ಕೊಟ್ಟದ್ದು ಹಾಸಿಗೆ. ಅವಳಿಗೆ ತಿಳಿದದ್ದು ತನ್ನನ್ನು ಹೊರಹಾಕಿದರೆಂದು.

ಪ್ರವಾದಿವರ್ಯರು(ಸ) ತಮ್ಮ ಮೊಮ್ಮಗಳು ಉಮಾಮಾರನ್ನು ಎತ್ತಿಕೊಂಡೇ ನಮಾಝ್ ನಿರ್ವಹಿಸಿದ ಘಟನೆ ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿದೆ. ಸುಜೂದ್‌ಗೆ ಹೋಗುವಾಗ ಮಗುವನ್ನು ಕೆಳಗಿಳಿಸುತ್ತಿದ್ದರು. ಎದ್ದು ನಿಂತಾಗ ಮತ್ತೆ ಎತ್ತಿಕೊಳ್ಳುತ್ತಿದ್ದರು. ಈ ಹದೀಸನ್ನು ಹಲವು ಸಲ ಓದಿದ್ದರೂ ಅದರ ಪಾಠ ನನಗೆ ಹೊಳೆದದ್ದು ಆ ಹೊಸ್ತಿಲಿನ ಬಳಿ. ಮಗುವನ್ನು ಕೆಳಗಿಳಿಸಲೇಬೇಕಾದ ಸಮಯ ಬರುತ್ತದೆ. ಆದರೆ ಇಳಿಸಿದ ಕೈ ಮತ್ತೆ ಎತ್ತಿಕೊಳ್ಳುತ್ತದೆ ಎಂಬ ಭರವಸೆ ಮಗುವಿಗಿರಬೇಕು. ಹಾಸಿಗೆ ಆರಿಸುವಾಗಲೂ ನಾವು ಮೊದಲು ನೋಡಬೇಕಾದದ್ದು ಇದನ್ನೇ: ಮಗು ತಾನಾಗಿಯೇ ಇಳಿಯುವಷ್ಟು ತಗ್ಗಾಗಿದೆಯೇ? ಕರೆದರೆ ಕೈಗೆಟಕುವಷ್ಟು ಹತ್ತಿರವಿದೆಯೇ?

ಇನ್ನು ಮಂಚದ ವಿಷಯ. ಮನೆಗೆ ಬರುವವರಿಗೆ ತೋರಿಸಲೆಂದು ಕೊಳ್ಳುವ ಕಾರಿನಾಕಾರದ ಮಂಚ, ಬಣ್ಣದ ಕೆತ್ತನೆಯ ಮಂಚ ಇವೆಲ್ಲ ಹೆಚ್ಚಾಗಿ ತಂದೆಯ ಆಸೆಗಳು. ಅಲ್ಲಾಹನ ಸಂದೇಶವಾಹಕರ(ಸ) ಹಾಸಿಗೆ ಹೇಗಿತ್ತು? ಚರ್ಮದ ಹೊದಿಕೆ, ಒಳಗೆ ಖರ್ಜೂರದ ಮರದ ನಾರು ಎಂದು ಹಝ್ರತ್ ಆಯಿಶಾ(ರ) ವರದಿ ಮಾಡಿದ್ದಾರೆ. ಮನೆಯಲ್ಲಿ ಗಂಡನಿಗೊಂದು, ಹೆಂಡತಿಗೊಂದು, ಅತಿಥಿಗೊಂದು ಹಾಸಿಗೆಯಿರಲಿ, ಅದಕ್ಕೂ ಮಿಕ್ಕಿದ್ದು ಶೈತಾನನದು ಎಂಬ ಅರ್ಥದ ಹದೀಸ್ ಮುಸ್ಲಿಮ್ ಗ್ರಂಥದಲ್ಲಿದೆ. ಮಕ್ಕಳಿಗೆ ಹಾಸಿಗೆ ಬೇಡವೆಂದು ಇದರ ಅರ್ಥವಲ್ಲ. ಅಗತ್ಯಕ್ಕೆ ಇರುವುದು ಅಗತ್ಯ, ಮೆರೆಯಲು ಇರುವುದು ದುಂದು ಎಂಬುದೇ ಅದರ ತಿರುಳೆಂದು ವಿದ್ವಾಂಸರು ವಿವರಿಸಿದ್ದಾರೆ. ಸಾಲ ಮಾಡಿ ತಂದ ಮಂಚದಲ್ಲಿ ಮಗುವಿಗೆ ನಿದ್ದೆ ಬರಬಹುದು, ತಂದೆಗೆ ಬರಲಾರದು!

ಅತ್ತೆಯವರ ಮಾತಿನಲ್ಲಿ ಹುರುಳಿದೆ. ಎರಡು ಮೂರು ವರ್ಷದ ಮಗುವಿಗೆ ನೆಲದ ಮೇಲೆ ಹಾಸಿದ, ತುಸು ಗಟ್ಟಿಯಾದ ಹಾಸಿಗೆಗಿಂತ ಕ್ಷೇಮಕರವಾದದ್ದು ಕಡಿಮೆ. ಉರುಳಿದರೆ ಬೀಳುವ ಎತ್ತರವೇ ಇಲ್ಲ. ಹತ್ತಿಯದಾಗಲಿ, ತೆಂಗಿನ ನಾರಿನದಾಗಲಿ ಆಗಬಹುದು. ಮಗು ಹೂತುಹೋಗುವಷ್ಟು ಮೆತ್ತಗಿರಬಾರದು. ಕೆಳಗೆ ಚಾಪೆ ಹಾಸಿ, ಬೆಳಿಗ್ಗೆ ಎತ್ತಿ ನಿಲ್ಲಿಸಿ, ಆಗಾಗ ಬಿಸಿಲಿಗೆ ಹಾಕಬೇಕು. ಇಲ್ಲವಾದರೆ ಮಳೆಗಾಲದಲ್ಲಿ ನೆಲದ ತೇವಕ್ಕೆ ಬೂಷ್ಟು ಹಿಡಿಯುತ್ತದೆ. ಸೊಳ್ಳೆ ಪರದೆಯ ಅಂಚನ್ನು ಹಾಸಿಗೆಯಡಿ ಸಿಕ್ಕಿಸಬೇಕು. ಹಾವು ಚೇಳಿನ ಭಯವಿರುವ ಹಳ್ಳಿಮನೆಯಲ್ಲಾದರೆ ತಗ್ಗಾದ ಮಂಚವೇ ಮೇಲು. ಆಗಲೂ ಎರಡೂ ಬದಿಗೆ ತಡೆಯಿರಲಿ, ಮಗು ತಾನೇ ಇಳಿಯಲು ಕಾಲಿನ ಕಡೆ ಸ್ವಲ್ಪ ಜಾಗವಿರಲಿ. ಹಾಸಿಗೆಗೂ ಚೌಕಟ್ಟಿಗೂ ನಡುವೆ, ಮಂಚಕ್ಕೂ ಗೋಡೆಗೂ ನಡುವೆ ಮಗು ಸಿಕ್ಕಿಕೊಳ್ಳುವಂಥ ಸಂದು ಇರಬಾರದು. ಒಂದರ ಮೇಲೊಂದು ಇರುವ ಜೋಡಿ ಮಂಚದ ಮೇಲಂತಸ್ತು ಆರು ವರ್ಷ ತುಂಬದ ಮಕ್ಕಳಿಗೆ ಸಲ್ಲದು.

“ಅಲ್ಲಾಹನು ಕಾಪಾಡುತ್ತಾನೆ, ಇಷ್ಟೆಲ್ಲ ಲೆಕ್ಕ ಯಾಕೆ?” ಎನ್ನುವವರಿದ್ದಾರೆ. ಅವರಿಗೆ ಅಬೂದಾವೂದ್ ಗ್ರಂಥದ ಒಂದು ಹದೀಸನ್ನು ನೆನಪಿಸಬೇಕು. ಸುತ್ತ ತಡೆಯಿಲ್ಲದ ಮಾಳಿಗೆಯ ಮೇಲೆ ಮಲಗುವವನ ರಕ್ಷಣೆಯ ಹೊಣೆ ಇಲ್ಲವಾಗುತ್ತದೆ ಎಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದರು. ಅಂದರೆ ತಡೆಗೋಡೆ ಕಟ್ಟುವುದು ತವಕ್ಕುಲ್‌ಗೆ ವಿರುದ್ಧವಲ್ಲ, ಅದು ತವಕ್ಕುಲ್‌ನ ಮೊದಲ ಮೆಟ್ಟಿಲು. ಪ್ರಾಯದವರ ಮಾಳಿಗೆಗೇ ಈ ಎಚ್ಚರಿಕೆಯಾದರೆ ಅರಿಯದ ಕಂದನ ಮಂಚಕ್ಕೆ ಬೇಡವೇ?

ಇನ್ನೊಂದು ವಿಷಯವನ್ನು ಹೆಚ್ಚಿನವರು ಮರೆಯುತ್ತಾರೆ. ತೊಟ್ಟಿಲಿನಲ್ಲಿದ್ದಾಗ ಮಗು ಎಚ್ಚರವಾದರೆ ಅಳುತ್ತಿತ್ತು, ನಾವು ಏಳುತ್ತಿದ್ದೆವು. ಹಾಸಿಗೆಗೆ ಬಂದ ಮೇಲೆ ಅದು ಸದ್ದಿಲ್ಲದೆ ಎದ್ದು ನಡೆಯಬಲ್ಲದು. ಆದ್ದರಿಂದ ಹಾಸಿಗೆ ಬದಲಿಸುವ ಮೊದಲು ಮನೆಯನ್ನೊಮ್ಮೆ ಮಗುವಿನ ಎತ್ತರದಲ್ಲಿ ಕುಳಿತು ನೋಡಿರಿ. ಬಚ್ಚಲಿನ ಬಕೆಟ್‌ನಲ್ಲಿ ನೀರು ಉಳಿದಿದೆಯೇ? ಗೇಣುದ್ದ ನೀರಿನಲ್ಲೂ ಪುಟ್ಟ ಮಗು ಮುಳುಗಬಲ್ಲದು. ರಾತ್ರಿ ಬಕೆಟನ್ನು ಖಾಲಿ ಮಾಡಿ, ಬಚ್ಚಲಿನ ಬಾಗಿಲು ಹಾಕಿ. ಮೆಟ್ಟಿಲಿಗೆ ಅಡ್ಡವಿದೆಯೇ? ಹಾಸಿಗೆ ಕಿಟಕಿಯ ಕೆಳಗಿದೆಯೇ? ಕೈಗೆ ಸಿಗುವಂತೆ ವಿದ್ಯುತ್ ತಂತಿಯಾಗಲಿ ಪರದೆಯ ಹಗ್ಗವಾಗಲಿ ಇದೆಯೇ? ಹತ್ತಿದರೆ ಮೈಮೇಲೆ ಬೀಳುವ ಕಪಾಟನ್ನು ಗೋಡೆಗೆ ಬಿಗಿದಿದ್ದೀರಾ? ಮಲಗುವ ಮುನ್ನ ದೀಪ ಆರಿಸಲು, ಬಾಗಿಲು ಮುಚ್ಚಲು, ಪಾತ್ರೆಗಳನ್ನು ಮುಚ್ಚಿಡಲು ಪ್ರವಾದಿವರ್ಯರು(ಸ) ಕಲಿಸಿದ್ದರಲ್ಲವೇ? ಮಲಗುವ ಮುನ್ನ ಮನೆಯನ್ನೊಮ್ಮೆ ಸುತ್ತಿ ನೋಡುವುದು ಸುನ್ನತ್‌ನಿಂದಲೇ ಬಂದ ಶಿಸ್ತು.

ಈಗ ಬೇರೆ ಕೋಣೆಯ ಪ್ರಶ್ನೆ. ಮಕ್ಕಳಿಗೆ ಏಳು ವರ್ಷವಾದಾಗ ನಮಾಝ್‌ಗೆ ಆದೇಶಿಸಬೇಕು, ಹತ್ತಾದಾಗ ಅವರ ಹಾಸಿಗೆಗಳನ್ನು ಬೇರ್ಪಡಿಸಬೇಕು ಎಂಬ ಹದೀಸನ್ನು ಕೆಲವರು ಎರಡು ವರ್ಷದ ಮಗುವಿನ ಮೇಲೂ ಹೊರಿಸುತ್ತಾರೆ. ಹತ್ತರ ಮಾತನ್ನು ಎರಡಕ್ಕೆ ತರಬೇಡಿ. ಹಾಗೆಯೇ ದಂಪತಿಗಳ ಏಕಾಂತವನ್ನೂ ಧರ್ಮ ಮರೆತಿಲ್ಲ. ಅನ್ನೂರ್ ಅಧ್ಯಾಯದ 58ನೆಯ ಸೂಕ್ತವು ದಿನದ ಮೂರು ಹೊತ್ತುಗಳಲ್ಲಿ ಮಕ್ಕಳೂ ಅನುಮತಿ ಕೇಳಿ ಒಳಬರುವಂತೆ ಕಲಿಸಲು ಹೇಳುತ್ತದೆ. ಬೇರೆ ಹಾಸಿಗೆ ಆ ಶಿಸ್ತಿನ ಮೊದಲ ಅಕ್ಷರ. ಆದರೆ ಅದು ಅದೇ ಕೋಣೆಯ ಇನ್ನೊಂದು ಮೂಲೆಯಲ್ಲಿರಬಹುದು, ಅಜ್ಜಿಯ ಪಕ್ಕದಲ್ಲಿರಬಹುದು. ಒಂದೇ ಕೋಣೆಯ ಮನೆಯವರು ಇದಕ್ಕಾಗಿ ಮರುಗಬೇಕಿಲ್ಲ. ಬೇಕಾದದ್ದು ಬೇರೆ ಹಾಸಿಗೆ, ಬೇರೆ ಕೋಣೆಯಲ್ಲ.

ಹತ್ತಿರ ಮಲಗುವ ಮಗು ಕಲಿಯುವುದೂ ಬಹಳ. ಹಝ್ರತ್ ಇಬ್ನು ಅಬ್ಬಾಸ್(ರ) ಬಾಲಕನಾಗಿದ್ದಾಗ ತನ್ನ ಚಿಕ್ಕಮ್ಮ ಹಝ್ರತ್ ಮೈಮೂನಾ(ರ)ರ ಮನೆಯಲ್ಲಿ ಒಂದು ರಾತ್ರಿ ತಂಗಿದ್ದರು. ಪ್ರವಾದಿವರ್ಯರು(ಸ) ಮತ್ತು ಪತ್ನಿ ದಿಂಬಿನ ಉದ್ದಕ್ಕೆ ತಲೆಯಿಟ್ಟರೆ ಈ ಹುಡುಗ ಅದರ ಅಡ್ಡಕ್ಕೆ ಮಲಗಿದ್ದ. ನಡುರಾತ್ರಿ ಪ್ರವಾದಿವರ್ಯರು(ಸ) ಎದ್ದು ವುಝೂ ಮಾಡಿ ನಮಾಝ್‌ಗೆ ನಿಂತಾಗ ತಾನೂ ಎದ್ದು ಹಾಗೆಯೇ ಮಾಡಿ ಪಕ್ಕದಲ್ಲಿ ನಿಂತ. ಯಾರೂ ಅವನನ್ನು ಎಬ್ಬಿಸಿರಲಿಲ್ಲ. ನಮ್ಮ ಮಕ್ಕಳು ರಾತ್ರಿ ಕಣ್ಣು ತೆರೆದಾಗ ಏನನ್ನು ಕಾಣುತ್ತಾರೆ? ತಹಜ್ಜುದ್‌ಗೆ ನಿಂತ ತಾಯಿಯನ್ನೋ, ಪರದೆಯ ಮುಂದೆ ಕುಳಿತ ತಂದೆಯನ್ನೋ?

ಮೊದಲ ರಾತ್ರಿ ಹೊಸ ಹಾಸಿಗೆಯನ್ನು ಮಗುವಿನ ಕೈಯಿಂದಲೇ ಕೊಡವಿಸಿರಿ. ಮಲಗುವ ಮುನ್ನ ಹಾಸಿಗೆ ಕೊಡವುವುದು ಪ್ರವಾದಿಚರ್ಯೆ. ಮಗುವಿಗೆ ಅದೊಂದು ಆಟ. ಹಳೆಯ ಹೊದಿಕೆಯನ್ನೇ ಕೊಡಿ, ಅದರ ವಾಸನೆ ಅದಕ್ಕೆ ಧೈರ್ಯ. ಪ್ರವಾದಿವರ್ಯರು(ಸ) ಹಸನ್ ಮತ್ತು ಹುಸೈನ್(ರ)ರಿಗಾಗಿ ಅಲ್ಲಾಹನ ಅಭಯ ಬೇಡುತ್ತಿದ್ದಂತೆ ತಲೆ ಸವರಿ ದುಆ ಮಾಡಿ. ಮಗು ಎದ್ದು ಬಂದರೆ ಗದರದೆ, ಕೈಹಿಡಿದು ಕರೆದೊಯ್ದು, ನಿದ್ದೆ ಹತ್ತುವ ತನಕ ಬಳಿಯಲ್ಲಿ ಕುಳಿತುಕೊಳ್ಳಿ. ಹಾಸಿಗೆ ಒದ್ದೆಯಾದರೆ ನಾಚಿಸಬೇಡಿ. ಐದು ವರ್ಷದ ತನಕವೂ ಅದು ಸಹಜವೇ. ರಬ್ಬರ್ ಶೀಟಿನ ಮೇಲೊಂದು ಬಟ್ಟೆ ಹಾಸಿದರೆ ಸಾಕು. ಮಡಿಲಲ್ಲಿ ಮೂತ್ರ ಮಾಡಿದ ಮಗುವಿನ ಮೇಲೆ ಸಿಟ್ಟಾಗದೆ ನೀರು ತರಿಸಿ ಚಿಮುಕಿಸಿದವರು ನಮ್ಮ ಪ್ರವಾದಿ(ಸ).

ಕೊನೆಯದಾಗಿ ಆ ಸಹೋದರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಮಕ್ಕಳ ನಡುವೆ ನ್ಯಾಯ ಪಾಲಿಸಿರೆಂದು ಪ್ರವಾದಿವರ್ಯರು(ಸ) ಹಝ್ರತ್ ನುಅ್‌ಮಾನ್ ಬಿನ್ ಬಶೀರ್(ರ)ರ ತಂದೆಗೆ ಆದೇಶಿಸಿದ್ದರು. ಅಲ್ಲಿ ಪ್ರಶ್ನೆ ಒಬ್ಬ ಮಗನಿಗೆ ಮಾತ್ರ ಕೊಟ್ಟ ಉಡುಗೊರೆಯದಾಗಿತ್ತು. ತಮ್ಮನಿಗೆ ಜಾಗ ಮಾಡಲು ಅಣ್ಣನನ್ನು ಎಬ್ಬಿಸಿದಂತೆ ಆಗಬಾರದು. ಹೆರಿಗೆಗೆ ಇನ್ನೂ ಎರಡು ತಿಂಗಳಿರುವಾಗಲೇ, ಇಂದೇ ಆರಂಭಿಸಿ. ತಗ್ಗಾದ ಹಾಸಿಗೆ, ನಿಮ್ಮದೇ ಕೋಣೆಯಲ್ಲಿ. ಉಳಿದ ದುಡ್ಡಿನಲ್ಲಿ ಹಾಸಿಗೆಯಿಲ್ಲದ ಯಾವುದಾದರೂ ಮಗುವಿಗೂ ಒಂದು ಚಾಪೆ, ಹೊದಿಕೆ ಕೊಡಿ. ಖಾಲಿಯಾದ ತೊಟ್ಟಿಲು ಕೆಲವು ವಾರ ಅಲ್ಲೇ ಇರಲಿ. ಅದನ್ನು ಪುಟ್ಟ ತಮ್ಮನಿಗೋ ತಂಗಿಗೋ ತಾನೇ ಕೊಟ್ಟೆನೆಂದು ನಿಮ್ಮ ಮಗ ಹೇಳುವಂತಾಗಲಿ.

ನಮ್ಮನ್ನೂ ಒಂದು ದಿನ ಮಣ್ಣಿನ ಹಾಸಿಗೆಯಲ್ಲಿ ಇಳಿಸಿ ಮಕ್ಕಳು ಹಿಂದಿರುಗುವರು. ಆ ರಾತ್ರಿ ಅವರ ದುಆ ನಮ್ಮ ಜೊತೆಗಿರಬೇಕಾದರೆ ಅವರ ಮೊದಲ ರಾತ್ರಿಗಳಲ್ಲಿ ನಾವು ಅವರ ಜೊತೆಗಿರಬೇಕು. ನಮ್ಮ ಮಕ್ಕಳಿಗೆ ನಿರ್ಭಯ ನಿದ್ರೆಯನ್ನೂ, ನಮಗೆ ಅವರ ಹೊಣೆ ಹೊರುವ ತಾಳ್ಮೆಯನ್ನೂ ಅಲ್ಲಾಹನು ಕರುಣಿಸಲಿ. ಆಮೀನ್.