ಕೊಡಲಿ ಹಿಡಿದ ಗೃಹಸ್ಥನ ಅಹಿಂಸೆ

2021ರ ಆಗಸ್ಟ್‌ನಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಪರ್ತ್ ನಗರದ ಈಸ್ಟ್ ಫ್ರೀಮ್ಯಾಂಟಲ್ ಬಡಾವಣೆಯಲ್ಲಿ, ಮನೆಯೊಂದರ ಹಿತ್ತಲಿನ ಮೇಪಲ್ ಮರದಲ್ಲಿ, ಆಗ್ನೇಯ ಏಷ್ಯಾ ಮೂಲದ ಕೊರೆಹುಳ ಪತ್ತೆಯಾಯಿತು. ಪಾಲಿಫೇಗಸ್ ಶಾಟ್ ಹೋಲ್ ಬೋರರ್ ಎಂಬ ಈ ದುಂಬಿ ಎಳ್ಳಿನ ಕಾಳಿಗಿಂತ ದೊಡ್ಡದಲ್ಲ. ಹೆಣ್ಣು ಹುಳ ತೊಗಟೆಗೆ ತೂತು ಹಾಕಿ ಒಳಗೆ ಸುರಂಗ ಕೊರೆಯುತ್ತದೆ. ಅದು ಮರವನ್ನು ತಿನ್ನುವುದಿಲ್ಲ; ಬಾಯಲ್ಲಿ ಹೊತ್ತು ತಂದ ಶಿಲೀಂಧ್ರವನ್ನು ಸುರಂಗದ ಗೋಡೆಯಲ್ಲಿ ಬೆಳೆಸುತ್ತದೆ, ತಾಯಿಯೂ ಮರಿಗಳೂ ಅದನ್ನೇ ಉಣ್ಣುತ್ತವೆ. ಆ ಶಿಲೀಂಧ್ರ ನೀರು ಏರುವ ದಾರಿಯನ್ನು ಕಟ್ಟಿದಾಗ ಕೊಂಬೆಗಳು ಒಣಗುತ್ತವೆ, ಕೆಲವು ಜಾತಿಯ ಮರಗಳು ಸಾಯುತ್ತವೆ. ಒಳಗೆ ಅಡಗಿದ ಹುಳಕ್ಕೆ ಔಷಧ ತಲುಪಿಸುವುದು ಕಷ್ಟ. ಹಾಗಾಗಿ ಅಲ್ಲಿನ ಸರ್ಕಾರ ಕಟ್ಟಿಗೆ ಸಾಗಣೆಗೆ ನಿರ್ಬಂಧ ಹೇರಿ, ಸೋಂಕು ತಗುಲಿದ ಸಾವಿರಾರು ಮರಗಳನ್ನು ಕಡಿಸಿತು. ಬೇರೆ ಮರಗಳು ಉಳಿಯಲೆಂದು ಮರವನ್ನೂ ಅದರೊಳಗಿನ ಹುಳವನ್ನೂ ಕೊಲ್ಲುವುದು ಅಹಿಂಸೆಗೆ ಒಪ್ಪುತ್ತದೆಯೇ?

ಈ ಪ್ರಶ್ನೆಯನ್ನು ಜೈನ ಚಿಂತನೆಯಷ್ಟು ಕಟ್ಟುನಿಟ್ಟಾಗಿ ಎದುರಿಸಿದ ಪರಂಪರೆ ಅಪರೂಪ. ಅದರ ಪ್ರಕಾರ ಮರ ಏಕೇಂದ್ರಿಯ ಜೀವಿ. ಹುಳಕ್ಕೆ ಇಂದ್ರಿಯಗಳು ಹೆಚ್ಚು. ಬರೀ ಈ ಲೆಕ್ಕ ಹಿಡಿದರೆ ಹುಳಕ್ಕೆ ಮರವನ್ನು ಬಿಟ್ಟುಕೊಡಬೇಕಾದೀತು. ಆದರೆ ಜೈನರ ಗ್ರಂಥವಾದ ತತ್ತ್ವಾರ್ಥಸೂತ್ರ ಹಿಂಸೆಯನ್ನು ಪ್ರಾಣಹಾನಿಯೊಂದರಿಂದಲೇ ಗುರುತಿಸುವುದಿಲ್ಲ, ಪ್ರಮಾದದಿಂದ ಆದ ಪ್ರಾಣಹಾನಿ ಎನ್ನುತ್ತದೆ. ಎಚ್ಚರಗೇಡಿತನವೇ ಅಲ್ಲಿ ಮುಖ್ಯ. ಸಾಗರ ದಾಟಿ ಬರುವ ಶಕ್ತಿ ಈ ಹುಳದ ರೆಕ್ಕೆಗಿಲ್ಲ. ಇಂಥ ಕೊರೆಹುಳಗಳು ದೇಶದಿಂದ ದೇಶಕ್ಕೆ ಹೋಗುವುದು ನಾವು ಸಾಗಿಸುವ ಮರಮಟ್ಟು, ಗಿಡಗಳ ಜೊತೆಗೆ. ಅಂದಮೇಲೆ ಹಿಂಸೆ ಶುರುವಾದದ್ದು ಕೊಡಲಿಯಿಂದಲ್ಲ, ಅದಕ್ಕೂ ಎಷ್ಟೋ ಮೊದಲು. ನಾವೇ ತಂದು ಬಿಟ್ಟದ್ದನ್ನು ನೋಡುತ್ತಾ ಕೈಕಟ್ಟಿ ಕೂರುವುದು ಆ ಪ್ರಮಾದದ್ದೇ ಮುಂದುವರಿಕೆ. ಗೃಹಸ್ಥನ ಅಣುವ್ರತ, ಎಂದರೆ ಮಿತಿಯುಳ್ಳ ವ್ರತ, ಮುನಿಯ ಪೂರ್ಣ ಮಹಾವ್ರತವಲ್ಲ. ಮನೆ, ತೋಟ ಕಾಯುವವನಿಗೆ ತಪ್ಪಿಸಲಾಗದ ಹಿಂಸೆಯನ್ನು ಆದಷ್ಟು ಕುಗ್ಗಿಸುವ ಹೊಣೆ ಇದೆ.

ಗುರುತು ಹಾಕಿ ಮರ ಕಡಿಯುವುದು ಬೇಕೆಂದೇ ಮಾಡುವ ಸಂಕಲ್ಪ ಹಿಂಸೆಯೇ ಅಲ್ಲವೇ ಎಂದು ಕೇಳಬಹುದು. ಗಟ್ಟಿಯಾದ ಆಕ್ಷೇಪವೇ. ಅದು ಹಿಂಸೆಯಲ್ಲ ಎಂದು ನಾನು ವಾದಿಸುವುದಿಲ್ಲ, ಪುಣ್ಯವೆಂದಂತೂ ಖಂಡಿತ ಹೇಳುವುದಿಲ್ಲ. ಹುಳ ಯಾವ ತಪ್ಪನ್ನೂ ಮಾಡಿಲ್ಲ. ಅದನ್ನು ಶತ್ರುವೆಂದು ಕರೆದು ಕೊಲ್ಲುವುದಕ್ಕೂ, ಬೇರೆ ದಾರಿ ಕಾಣದೆ ನೋವಿನಿಂದ ಕೊಲ್ಲುವುದಕ್ಕೂ ಅಂತರವಿದೆ. ಪ್ರಕೃತಿ ತಾನೇ ಸರಿಮಾಡಿಕೊಳ್ಳುತ್ತದೆ ಎನ್ನುವವರೂ ಇದ್ದಾರೆ. ಆದರೆ ಈ ಹುಳದ ಪರಿಚಯವೇ ಇಲ್ಲದ ಊರಿನ ಮರಗಳು ಅದಕ್ಕೆ ಹೊಂದಿಕೊಳ್ಳುವಷ್ಟು ಕಾಲ ಬದುಕಿರಬೇಕಲ್ಲ!

ಇನ್ನೂ ಕಠಿಣವಾದ ಆಕ್ಷೇಪ ಪರ್ತ್‌ನಿಂದಲೇ ಬಂತು. ಹುಳವನ್ನು ಪೂರ್ತಿ ನಿರ್ಮೂಲ ಮಾಡುವುದು ತಾಂತ್ರಿಕವಾಗಿ ಸಾಧ್ಯವಿಲ್ಲವೆಂದು 2025ರಲ್ಲಿ ತೀರ್ಮಾನವಾಯಿತು. ಹಾಗಾದರೆ ಕಡಿದ ಮರಗಳೆಲ್ಲ ವ್ಯರ್ಥ ಬಲಿಯೇ? ಫಲ ಸಿಗಲಿಲ್ಲವೆಂಬ ಒಂದೇ ಕಾರಣಕ್ಕೆ ಅಲ್ಲ. ನಿರ್ಮೂಲನದ ಸಾಧ್ಯತೆಯನ್ನು ನಂಬಲು ಆಧಾರವಿದ್ದಾಗ ಎತ್ತಿದ ಕೊಡಲಿ ಎಚ್ಚರದ ಕೊಡಲಿ. ಆ ಆಧಾರ ಕುಸಿದ ಮೇಲೂ ಹಳೆಯ ಆದೇಶದ ಮೇರೆಗೆ ಬುಡಸಮೇತ ಕಡಿಯುತ್ತ ಹೋದರೆ ಅದೇ ಕೊಡಲಿ ಪ್ರಮಾದದ್ದು. ಈಗ ಮನೆಯವರ ಪಾಲಿಗೆ ಉಳಿದಿರುವುದು ಚಿಕ್ಕ ಕೆಲಸಗಳು: ಸೋಂಕಿತ ಕೊಂಬೆಯನ್ನಷ್ಟೇ ಸವರಿ ತೆಗೆಯುವುದು, ಅದನ್ನು ಸಣ್ಣ ಚಕ್ಕೆಗಳಾಗಿ ಪುಡಿಮಾಡಿಸುವುದು, ಹಸಿ ಸೌದೆಯನ್ನು ಬೇರೆ ಬಡಾವಣೆಗೆ ಒಯ್ಯದಿರುವುದು, ಖಾಲಿಯಾದ ಜಾಗದಲ್ಲಿ ಹುಳ ಅಷ್ಟಾಗಿ ಒಗ್ಗಿಕೊಳ್ಳದ ಜಾತಿಯ ಗಿಡ ನೆಡುವುದು.