ಕೇಳದಿದ್ದುದನ್ನು ಹೇಳಬೇಕೆ?

ಮಾಟುಂಗದ ನಮ್ಮ ಕಟ್ಟಡದ ಅಂಗಳದಲ್ಲಿ ಮಗನ ಕಾರು ಮಾರಾಟಕ್ಕೆ ನಿಂತಿದೆ. ಜಪಾನಿನಲ್ಲೇ ತಯಾರಾಗಿ ಹಡಗೇರಿ ಬಂದ ನಿಸಾನ್ 370ಝಡ್. ಎರಡೇ ಸೀಟು, 3.7 ಲೀಟರಿನ ಆರು ಸಿಲಿಂಡರ್ ಎಂಜಿನ್. ಸಂಸಾರಕ್ಕೆ ಒದಗದ ಈ ವಾಹನಕ್ಕೆ ಅಷ್ಟು ಹಣವೇ ಎಂದು ಮನೆಯಾಕೆ ಅಂದೇ ಗೊಣಗಿದ್ದಳು. ಅದು ಬೇರೆ ಮಾತು.

ಮಗ ಅದನ್ನು ಇದ್ದಂತೆ ಇರಗೊಡಲಿಲ್ಲ. ಎಂಜಿನ್ನಿನ ಕಂಪ್ಯೂಟರನ್ನು ತಿದ್ದಿಸಿದ, ಸೈಲೆನ್ಸರ್ ಬದಲಿಸಿದ, ಬೇರೆ ಸ್ಪ್ರಿಂಗು ಹಾಕಿಸಿ ಕಾರನ್ನು ನೆಲಕ್ಕೆ ಇನ್ನಷ್ಟು ಹತ್ತಿರ ತಂದ. ಕೊಯಮತ್ತೂರಿನ ಕರಿ ರೇಸ್ ಟ್ರ್ಯಾಕಿನಲ್ಲಿ ಮೂರು ಸಲ ಓಡಿಸಿ ಒಂದು ಕ್ಲಚ್ಚನ್ನು ಸುಟ್ಟ. ಈಗ ಕೆನಡಾಕ್ಕೆ ಹೊರಟು ನಿಂತವನು, ಅಟ್ಟದ ಮೇಲಿದ್ದ ಮೂಲ ಭಾಗಗಳನ್ನೆಲ್ಲ ಇಳಿಸಿ ಮತ್ತೆ ಜೋಡಿಸಿದ. ಕಂಪ್ಯೂಟರನ್ನೂ ಹಳೆಯ ಲೆಕ್ಕಕ್ಕೆ ತಿರುಗಿಸಿದ. ಇದರಲ್ಲಿ ತಪ್ಪೇನಿಲ್ಲ. ತಯಾರಕರು ಕೊಟ್ಟ, ಆರ್.ಸಿ.ಯಲ್ಲಿ ನಮೂದಾದ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸಕೂಡದೆಂದು ಸುಪ್ರೀಂ ಕೋರ್ಟು 2019ರಲ್ಲಿ ಹೇಳಿದೆ. ಹೀಗೆ ಕಾರು ಕಾನೂನಿಗೆ ಸರಿಹೋಯಿತು. ಅದೇ ಗಳಿಗೆಯಲ್ಲಿ ಅದರ ಪೂರ್ವಚರಿತ್ರೆಯೂ ಅಳಿಸಿಹೋಯಿತು.

ಪುಣೆಯಿಂದ ಒಬ್ಬ ಹುಡುಗ ತಂದೆಯೊಡನೆ ನೋಡಲು ಬಂದ. ಮೂಲತಃ ಹುಬ್ಬಳ್ಳಿ ಕಡೆಯವರು. ಎಂಜಿನ್ನಿಗಿಂತ ಹೆಚ್ಚಾಗಿ ನಮ್ಮ ಊರು, ಮನೆತನ ವಿಚಾರಿಸಿದರು. "ಒಬ್ಬ ಮೆಕ್ಯಾನಿಕನನ್ನು ಕರೆತರಬಹುದಿತ್ತು" ಎಂದು ನಾವೇ ಅಂದೆವು. ತಂದೆ ನಕ್ಕುಬಿಟ್ಟರು: "ನಮ್ಮವರ ಕಡೆ ತೊಗೊಳ್ಳೂದಕ್ಕ ಮೆಕ್ಯಾನಿಕ್ ಯಾಕ್ರೀ?" ಕಾಫಿ ಕುಡಿದು, ಮುಂದಿನ ವಾರ ಮುಂಗಡ ತರುತ್ತೇವೆಂದು ಹೊರಟರು.

ಆ ರಾತ್ರಿ ಮನೆಯಲ್ಲಿ ವಾದ ಎದ್ದಿತು. "ಅವರು ಕೇಳಲಿಲ್ಲ, ನಾವು ಹೇಳಲಿಲ್ಲ. ಸುಳ್ಳೆಲ್ಲಿ ಬಂತು ಅಪ್ಪಾ?" ಎಂದ ಮಗ. ಕಾಯಿದೆ ಬಹುಮಟ್ಟಿಗೆ ಅವನ ಕಡೆಗೇ ಇದೆ. ಬರಿದೆ ಸುಮ್ಮನಿರುವುದನ್ನು 1872ರ ಕರಾರು ಕಾಯಿದೆ ಮೋಸವೆಂದು ಎಣಿಸುವುದಿಲ್ಲ, ಮಾತಾಡುವುದೇ ಕರ್ತವ್ಯವಾಗುವಂಥ ಸನ್ನಿವೇಶವಿದ್ದರೆ ಮಾತ್ರ ಬೇರೆ. ಹಾಗಾದರೆ "ನಮ್ಮವರು" ಎಂಬ ಒಂದು ಶಬ್ದದಿಂದ ಅಂಥ ಕರ್ತವ್ಯ ಹುಟ್ಟುತ್ತದೆಯೆ?

ಜಗಳ ಹಳೆಯದು. ರೋಮಿನ ಸಿಸೆರೊ ಕ್ರಿ.ಪೂ. 44ರಲ್ಲಿ, ಕರ್ತವ್ಯಗಳನ್ನು ಕುರಿತ ತನ್ನ ಗ್ರಂಥದಲ್ಲಿ ಇದನ್ನೇ ಎತ್ತಿಕೊಂಡಿದ್ದಾನೆ. ಬರಗಾಲದ ರೋಡ್ಸ್ ದ್ವೀಪಕ್ಕೆ ಅಲೆಕ್ಸಾಂಡ್ರಿಯದಿಂದ ಧಾನ್ಯ ತಂದ ವ್ಯಾಪಾರಿಗೆ ಹಿಂದೆ ಇನ್ನೂ ಹಡಗುಗಳು ಬರುತ್ತಿರುವುದು ಗೊತ್ತು. ಹೇಳಿದರೆ ಬೆಲೆ ಬೀಳುತ್ತದೆ. ಕಾನೂನು ಬಯಸುವಷ್ಟು ದೋಷ ಹೇಳಿದರೆ ಸಾಕೆಂದು ಡಯೋಜೆನಿಸ್ ಎಂಬ ತತ್ತ್ವಜ್ಞಾನಿಯ ವಾದ. ಎಲ್ಲವನ್ನೂ ಹೇಳಬೇಕೆಂದು ಅವನ ಶಿಷ್ಯ ಆಂಟಿಪೇಟರನ ವಾದ. ಸಿಸೆರೊ ನಿಲ್ಲುವುದು ಶಿಷ್ಯನ ಪಕ್ಕದಲ್ಲಿ. ಸುಮ್ಮನಿರುವುದೆಲ್ಲ ಮುಚ್ಚಿಡುವುದಲ್ಲ, ನಮ್ಮ ಲಾಭಕ್ಕಾಗಿ ಇನ್ನೊಬ್ಬನಿಗೆ ತಿಳಿಯದಿರಲಿ ಎಂದು ಬಯಸಿದಾಗ ಅದು ಮುಚ್ಚಿಡುವುದಾಗುತ್ತದೆ ಎನ್ನುತ್ತಾನೆ.

ಈ ಮಾತು ನಮಗೆ ನಾಟಿತು. ಮೆಕ್ಯಾನಿಕ್ ಬೇಡವೆಂದು ಅವರು ನಕ್ಕಾಗ ನಮಗೆ ಒಳಗೊಳಗೇ ಹಾಯೆನಿಸಿತ್ತು. ಅದನ್ನು ವಾಚಕರಿಂದ ಮುಚ್ಚಿಟ್ಟು ಪ್ರಯೋಜನವಿಲ್ಲ.

ಮರುದಿನ ಫೋನು ಮಾಡಿ ಟ್ರ್ಯಾಕು, ಕ್ಲಚ್ಚು, ಬಿಚ್ಚಿ ಜೋಡಿಸಿದ್ದು, ಎಲ್ಲವನ್ನೂ ಹೇಳಿದೆವು. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ಹೇಳಿದ್ದು ಛಲೋ ಆತ್ರಿ. ಮನಿಯಾಗ ವಿಚಾರ ಮಾಡತೇವಿ" ಎಂದರು. ಮೂರು ವಾರವಾಯಿತು, ಸುದ್ದಿಯಿಲ್ಲ. ಮಗ ಮುನಿಸಿಕೊಂಡಿಲ್ಲ, ಹಣದ ಮಾತು ಬಂದರೆ ಮಾತ್ರ ಎದ್ದುಹೋಗುತ್ತಾನೆ.

ನಮಗೆ ಈಗ ಇನ್ನೊಂದು ಕಾಡುತ್ತಿದೆ. ಅವರು ಕನ್ನಡದಲ್ಲಿ ಮಾತಾಡಿದ್ದರಿಂದಲ್ಲವೆ ನಮ್ಮ ನಿದ್ದೆ ಕೆಟ್ಟದ್ದು? ಬರುವ ಭಾನುವಾರ ನಾಸಿಕದಿಂದ ಒಬ್ಬ ಮರಾಠಿ ಗೃಹಸ್ಥರು ಕಾರು ನೋಡಲು ಬರುವವರಿದ್ದಾರೆ. "ಅವರಿಗೂ ಹೇಳುತ್ತೀರಾ?" ಎಂದು ಮಗ ಕೇಳಿದ. ಹೊಸ ಕ್ಲಚ್ಚಿನ ಬಿಲ್ಲನ್ನು ಹುಡುಕಿ ತೆಗೆದು ಕಾರಿನ ಕಾಗದಪತ್ರಗಳ ಜೊತೆಗೆ ಇಟ್ಟಿದ್ದೇವೆ.